ಮಾಯವ್ವನ ಬೆಳ್ಳಿ ಪಾದ

“ಎಡಗಾಲೋ ಬಲಗಾಲೋ?” ಎಂದು ದುಂಡಪ್ಪ ಪತ್ತಾರ ಕೇಳಿದ.

“ಬಲಗಾಲು,” ಅಂದಳು ಮಾಯವ್ವ. ಅಷ್ಟಕ್ಕೆ ಸುಮ್ಮನಿರಲಾರದೆ, “ಆದ್ರ ಅದು ಈಗ ಇಲ್ರಿ ಕಾಕಾ,” ಎಂದು ಸೇರಿಸಿದಳು.

ಪತ್ತಾರ ಕೈಯಲ್ಲಿದ್ದ ಬೆಳ್ಳಿ ತಗಡನ್ನು ಕೆಳಗಿಟ್ಟ. ಸವದತ್ತಿಯ ಈ ಅಕ್ಕಸಾಲಿಗರ ಅಂಗಡಿಯಲ್ಲಿ ಕೂತು ಅವನು ಎಲ್ಲಮ್ಮನಿಗೆ ಹರಕೆ ಹೊತ್ತವರಿಗೆಲ್ಲ ಬೆಳ್ಳಿಯ ಕಣ್ಣು, ಕೈ, ಕಾಲು ಮಾಡಿಕೊಟ್ಟಿದ್ದ. ಬೇನೆ ಯಾವುದಕ್ಕೆ ಬಂತೋ ಅದನ್ನೇ ಒಪ್ಪಿಸುವುದು ರೂಢಿ. ಇಲ್ಲದ ಕಾಲಿನ ಹರಕೆ ಮಾತ್ರ ಇದೇ ಮೊದಲು.

ಮಾಯವ್ವನ ಗಂಡ ದೊಡವಾಡದ ಲಗಮಪ್ಪ ಗಾಡಿ ಹೊಡೆಯುವವನು. ಬೈಲಹೊಂಗಲದಲ್ಲಿ ಹತ್ತಿ ಹೇರಿಕೊಂಡು ಹೊರಟನೆಂದರೆ ಧಾರವಾಡ, ಹುಬ್ಬಳ್ಳಿ, ಘಟ್ಟದ ಕೆಳಗೆ ಎಂದು ತಿರುಗಿ, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಕಳೆದ ಸುಗ್ಗಿಯಲ್ಲಿ ಗಾಡಿಯ ಗಾಲಿ ಅವನ ಪಾದದ ಮೇಲೆಯೇ ಹಾಯಿತು. ಪಾದ ಕೊಳೆತು, ದವಾಖಾನೆಯಲ್ಲಿ ಕತ್ತರಿಸಬೇಕಾಯಿತು. ಜೀವ ಉಳಿದರೆ ಬೆಳ್ಳಿ ಪಾದ ಕೊಡುತ್ತೇನೆಂದು ಮಾಯವ್ವ ಅವತ್ತೇ ಬೇಡಿಕೊಂಡಿದ್ದಳು.

ಜೀವ ಉಳಿಯಿತು. ಈಗ ಅವನು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಾನೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳ ತೆಗೆಯುತ್ತಾನೆ, ಅವಳು ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಸರಿದು ಕೂತು ಊರೂರ ಸುದ್ದಿ ಹೇಳುತ್ತಾನೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಮಾಯವ್ವನಿಗೆ ಗಂಡ ಸಿಕ್ಕಂತಾಗಿತ್ತು. ನಾಲ್ಕು ಜನರ ಮುಂದೆ ಆಡುವ ಮಾತಲ್ಲ, ಆದರೆ ಅವಳು ಸುಖವಾಗಿದ್ದಳು.

“ಹೊತ್ತ ಹರಕಿ ತಪ್ಪಿಸಬಾರದವಾ,” ಅಂದ ಪತ್ತಾರ. “ಪಾದನ ಮಾಡತೇನಿ. ಯಾರಿಗ್ಗೊತ್ತು, ಎಲ್ಲವ್ವ ಮನಸ್ ಮಾಡಿದ್ರ ಹೋದ ಕಾಲೂ ತಿರುಗಿ ಕೊಟ್ಟಾಳು.”

“ಕಡದ ಕಾಲು ಎಲ್ಲಿ ಬರತೈತ್ರಿ?”

ಹೆಂಡತಿಯ ಕುಂಕುಮದ ಭರಣಿಗೆ ಬೆಸುಗೆ ಹಾಕಿಸಲು ಬಂದು ಕಾಯುತ್ತ ಕೂತಿದ್ದ ವೆಂಕಣ್ಣ ಮಾಸ್ತರರು, ಯಾರ ಮಾತಿಗೂ ಬಾಯಿ ಹಾಕದೆ ಬಿಟ್ಟವರಲ್ಲ.

“ಯಾಕ ಬರೂದಿಲ್ಲವಾ? ಮೆಕ್ಸಿಕೋ ಅಂತ ಒಂದು ದೇಶ ಅದ. ಅಲ್ಲೆ ಕೆರಿಯೊಳಗ ಆಕ್ಸೊಲಾಟಲ್ ಅಂತ ಒಂದು ಪ್ರಾಣಿ. ಅರ್ಧ ಮೀನ ಅನ್ನು, ಅರ್ಧ ಹಲ್ಲಿ ಅನ್ನು. ಕುತ್ತಿಗಿ ಎರಡೂ ಕಡೆ ಪುಕ್ಕದಂಥಾ ಕಿವಿರು. ಅದರ ಕಾಲು ಹರಿದು ಹೋದ್ರ ಮತ್ತ ಚಿಗೀತದ, ಬೆರಳು ಸಹಿತ. ಗಾಯದ ಗುರ್ತೂ ಉಳಿಯೂದಿಲ್ಲ. ಇಂಗ್ಲಿಷ್ ಪುಸ್ತಕದಾಗ ಚಿತ್ರ ನೋಡೀನಿ.”

ಅವರು ಹೇಳಿದ್ದು ಸಮಾಧಾನಕ್ಕೆ. ಮಾಯವ್ವನಿಗೆ ಮಾತ್ರ ಹೆದರಿಕೆ ಹುಟ್ಟಿತು. ಯಾವುದೋ ಕೆರೆಯ ಹಲ್ಲಿಗೆ ಸಿಕ್ಕ ಭಾಗ್ಯವನ್ನು ಎಲ್ಲಮ್ಮ ತನ್ನ ಭಕ್ತಳ ಗಂಡನಿಗೆ ಕೊಡದೆ ಇರುತ್ತಾಳೆಯೇ? ಅದೂ ಬೆಳ್ಳಿ ಪಾದವನ್ನೇ ತಂದು ಮುಂದಿಟ್ಟ ಮೇಲೆ? ಗಾಡಿ ಇನ್ನೂ ಹಿತ್ತಲಲ್ಲಿಯೇ ಇತ್ತು.

“ಕಾಲು ಬಂದ ಮ್ಯಾಲೆ ಅದು ಎಲ್ಲಿಗಿ ಹೋಗತೈತ್ರಿ ಮಾಸ್ತರ?”

“ಎಲ್ಲಿಗೂ ಇಲ್ಲ. ನಮ್ಮ ಕಪ್ಪಿಮರಿ ದೊಡ್ಡದಾದ ಮ್ಯಾಲೆ ಬಾಲ ಬಿಟ್ಟು ದಂಡಿಗೆ ಬರ್ತದ. ಇದು ಹಂಗಲ್ಲ. ಸಾಯೂತನಕ ಮರಿ ಇದ್ದಂಗ ಇದ್ದು ನೀರಾಗನ ಇರ್ತದ. ಮಕ್ಕಳು ಮರಿ, ಸಂಸಾರ, ಎಲ್ಲಾ ಅಲ್ಲೇ.”

“ಹಂಗಾದ್ರ ಅದಕ್ಕ ಕಾಲು ಬಂದ್ರೂ ಚಿಂತಿಲ್ಲ ಬಿಡ್ರಿ,” ಅಂದಳು ಮಾಯವ್ವ. ಆ ಪ್ರಾಣಿಯ ಹೆಂಡತಿ ಪುಣ್ಯವಂತೆ ಎಂದು ಅವಳಿಗೆ ಅನ್ನಿಸಿತು.

ಅಷ್ಟರಲ್ಲಿ ಪತ್ತಾರ ತಗಡಿನ ಮೇಲೆ ಹಿಮ್ಮಡಿಯ ಗೆರೆ ಎಳೆಯತೊಡಗಿದ್ದ. ಅವಳು ಅವಸರದಿಂದ ಅವನ ಕೈ ತಡೆದಳು.

“ಕಾಕಾ, ಪಾದ ಬ್ಯಾಡ್ರಿ. ಇಡೀ ಮನಶ್ಯಾನ್ನ ಮಾಡ್ರಿ.”

“ಅದಕ್ಕ ಬೆಳ್ಳಿ ಭಾಳ ಬೇಕಾಗತೈತವಾ.”

ಮಾಯವ್ವ ಆಗಲೇ ಬಗ್ಗಿ ತನ್ನ ಕಾಲಿನ ಕಡಗಗಳನ್ನು ಬಿಚ್ಚುತ್ತಿದ್ದಳು. ಎರಡನ್ನೂ ಪತ್ತಾರನ ಮುಂದಿಟ್ಟಳು.

“ನಿಂತಾಂವನ್ನ ಮಾಡಬ್ಯಾಡ್ರಿ ಮತ್ತ,” ಅಂದಳು. “ಕುಂತಾಂವನ್ನ ಮಾಡ್ರಿ.”