ಕೋಳಿ ಬ್ರೆಡ್

ಮಹಾದೇವನ ತೊಡೆಯ ಮೇಲೆ ಬ್ರೆಡ್ ಕಂಡ ಕೂಡಲೇ ಹುಲಿಗೆವ್ವನ ಎದೆ ಧಸಕ್ಕೆಂದಿತು. ತಿಕೋಟಾದಲ್ಲಿ ಮೊಸರು ಮಾರಿ ಖಾಲಿ ಗಡಿಗೆಯೊಂದಿಗೆ ಬಸ್ಸು ಹತ್ತಿದವಳು ಅವನ ಪಕ್ಕದಲ್ಲೇ ಕುಸಿದು ಕೂತಳು.

“ಯಾರಿಗೆ ಆರಾಮಿಲ್ಲೋ ಯಪ್ಪಾ?”

“ಯಾರಿಗೂ ಏನೂ ಆಗಿಲ್ಲಬೇ. ನನಗ ತಿನ್ನಾಕ ತಂದೀನಿ.”

“ಗಟ್ಟಿಮುಟ್ಟ ಇದ್ದಾಂವ ಬ್ರೆಡ್ ಯಾಕ ತಿಂತೀಯೋ? ಖರೇ ಹೇಳು, ನಿನ್ನ ಹೇಂತಿ ಬೋರವ್ವಗ ಏನಾಗೇತಿ?”

ಅವರಿಬ್ಬರ ಊರು ಕಳ್ಳಕವಟಗಿಯಲ್ಲಿ ಬ್ರೆಡ್ಡಿಗೆ ಇರುವುದು ಒಂದೇ ಅರ್ಥ. ಜ್ವರ ಬಂದವರಿಗೆ ಅದನ್ನು ಹಾಲಲ್ಲಿ ಅದ್ದಿ ಕೊಡುತ್ತಾರೆ. ಮಲಗಿದವರನ್ನು ಮಾತಾಡಿಸಲು ಹೋಗುವವರು ಅದನ್ನೇ ಒಯ್ಯುತ್ತಾರೆ. ಆರಾಮಿದ್ದವರಿಗೆ ರೊಟ್ಟಿ ಇದೆಯಲ್ಲ! ಮಹಾದೇವನಿಗೆ ಇದು ಗೊತ್ತಿಲ್ಲವೆಂದಲ್ಲ. ಆದರೆ ಮುಂಜಾನೆ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಪಂಪಿನ ಮೋಟಾರು ರಿಪೇರಿಗೆ ಕೊಟ್ಟು ನಿಂತಿದ್ದಾಗ ಎಲ್ಲಿಂದಲೋ ಆ ವಾಸನೆ ಬಂತು. ಬಿಸಿಬಿಸಿ, ತುಸು ಹುಳಿ, ತುಸು ಸಿಹಿ. ಐವತ್ತು ದಾಟಿದ ಗಂಡಸು, ಮೂಗು ಎಳೆದತ್ತ ನಡೆದು ಒಂದು ಬೇಕರಿಯ ಮುಂದೆ ನಿಂತ. ನೋಡಿದರೆ, ನವಿಲು ಬ್ರೆಡ್! ಶಾಲೆಯ ಎರಡನೇ ಇಯತ್ತೆಯಲ್ಲಿ ವಿಷಮಜ್ವರ ಬಂದಾಗ ಅಪ್ಪ ತಂದುಕೊಟ್ಟಿದ್ದು ಇದೇ. ಅದೇ ಮೇಣದ ಕಾಗದ, ಅದೇ ನವಿಲು. ಚಿತ್ರ ಬರೆದ ಪುಣ್ಯಾತ್ಮನಿಗೆ ಗರಿ ಬಿಡಿಸಲು ಬಾರದೆ ಅದು ಕೋಳಿಯಂತೆ ಕಾಣುತ್ತಿತ್ತು. ಹೀಗಾಗಿ ಊರಲ್ಲಿ ಅದರ ಹೆಸರು ಕೋಳಿ ಬ್ರೆಡ್. ಆ ಹೆಸರು ಕೇಳಿಯೇ ಮಠದ ಬಸಲಿಂಗಯ್ಯನವರು ಮೂರು ದಿನ ಜ್ವರದಲ್ಲಿ ಉಪವಾಸ ಬಿದ್ದರೂ ಅದನ್ನು ಮುಟ್ಟಿರಲಿಲ್ಲ.

“ನಮ್ಮ ಮಾವ ಇದನ್ನ ಮಾಡೂದ ನಿಲ್ಲಿಸಿಬಿಟ್ಟಿದ್ರು. ಹಳೇ ಗಿರಾಕಿ ಬಿಡವಲ್ರು ಅಂತ ಈಗ ಮಂಗಳವಾರಕ್ಕೊಮ್ಮೆ ಅಷ್ಟ ಭಟ್ಟಿಗೆ ಹಾಕ್ತೀವ್ರಿ. ಇವತ್ತಿಂದು ಇದ ಕಡೀದು ನೋಡ್ರಿ,” ಎಂದು ಬೇಕರಿಯ ಜುಲೇಖಾ ಅದನ್ನು ಕೊಟ್ಟಿದ್ದಳು. ಈಗಿನ ಕಂಪನಿ ಬ್ರೆಡ್ಡಿಗೆ ವಾಸನೆಯಾದರೂ ಎಲ್ಲಿದೆ? ಮೂಸಿದರೆ ಪ್ಲಾಸ್ಟಿಕ್ಕು. ಮನೆಯಲ್ಲಿ ಕಾಲು ಚಾಚಿ ಕೂತು, ಬಿಸಿ ಹಾಲಲ್ಲಿ ಅದ್ದಿ, ಒಬ್ಬನೇ ಪೂರ್ತಿ ತಿನ್ನಬೇಕೆಂದು ಮಹಾದೇವ ಅದನ್ನು ಕೂಸಿನಂತೆ ಎತ್ತಿಕೊಂಡು ಬಸ್ಸು ಹತ್ತಿದ್ದ.

ಇದನ್ನೆಲ್ಲ ಹುಲಿಗೆವ್ವನಿಗೆ ಬಿಡಿಸಿ ಹೇಳಿದ. ಆಕೆ ತಲೆ ಆಡಿಸುತ್ತ ಕೇಳಿ, ಆ ಕಡೆ ತಿರುಗಿ, ಮೊಬೈಲಿನಲ್ಲಿ ಇಡೀ ಬಸ್ಸಿಗೆ ಕೇಳುವಂತೆ ಪಿಸುಗುಟ್ಟಿದಳು: “ಬೋರವ್ವಗ ಭಾಳ ಆಗೇತಂತ. ಗಂಡ ಬಾಯಿ ಬಿಡವಲ್ಲ. ನವಿಲು, ವಾಸನಿ, ಏನೇನೋ ಬಡಬಡಸಾಕತ್ತಾನ. ಪಾಪ, ತಲಿ ಕೆಟ್ಟೈತಿ.”

ಫೋನು ಬಸ್ಸಿಗಿಂತ ಮೊದಲು ಊರು ಮುಟ್ಟಿತ್ತು. ಮಹಾದೇವ ಬಂದಾಗ ಅಂಗಳದ ತುಂಬ ಚಪ್ಪಲಿ, ಜಗುಲಿಯ ತುಂಬ ಕಂಪನಿ ಬ್ರೆಡ್ಡು, ಒಳಗೆ ಕೌದಿ ಹೊದ್ದು ಮಲಗಿದ ಬೋರವ್ವ. ಓಡಿಹೋಗಿ ಬಗ್ಗಿದ.

“ಖರೇನ ಏನಾತ ನಿನಗ?”

ಕೌದಿಯೊಳಗಿಂದ ಒಂದು ಕಣ್ಣು ತೆರೆಯಿತು. “ಸುಮ್ನಿರ್ರಿ. ಇವರ ಬಂದು ನನಗ ಆರಾಮಿಲ್ಲ ಅಂದ್ರು, ಮಲಗೀನಿ. ಈ ಮನ್ಯಾಗ ಎಲ್ಲಾರೂ ಪಾಳಿ ಪ್ರಕಾರ ಜ್ವರ ಬಂದು ಬಿದ್ರಿ, ಬ್ರೆಡ್ ತಿಂದ್ರಿ. ಮೂವತ್ತು ವರ್ಷದಾಗ ನನಗಂತ ಒಬ್ರಾರ ತಂದಾರೇನು?”

ಮಹಾದೇವ ನೆನಪು ಕೆದಕಿದ. ಹೌದಲ್ಲ, ಈಕೆ ಒಂದು ದಿನವೂ ಮಲಗಿದ್ದು ನೆನಪಿಲ್ಲ. ಜ್ವರ ಬಂದೇ ಇಲ್ಲವೋ, ಬಂದದ್ದು ತನಗೆ ಕಂಡಿಲ್ಲವೋ. ಅವನಿಗೆ ನಿಜವಾಗಿ ನಾಚಿಕೆಯಾಯಿತು. ಆದರೂ ಕೈ ಬ್ರೆಡ್ಡನ್ನು ಬಿಡಲೊಲ್ಲದು.

“ಹಂಗಾದ್ರ ಜಗಲಿ ಮ್ಯಾಲೆ ಇಷ್ಟು ಅದಾವಲ್ಲ, ಅವನ್ನ ತಿನ್ನು,” ಎಂದ ಮೆಲ್ಲಗೆ.

“ನನಗ ಗಂಡ ತಂದದ್ದ ಬೇಕು!” ಬೋರವ್ವ ಎಲ್ಲರಿಗೂ ಕೇಳುವಂತೆ ನರಳಿದಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಲಿಗೆವ್ವ ಅವನ ಕೈಯಿಂದ ಬ್ರೆಡ್ಡು ಕಿತ್ತುಕೊಂಡು, ಹಾಲಲ್ಲಿ ಅದ್ದಿ ಅದ್ದಿ ತುತ್ತು ಕೊಡತೊಡಗಿದಳು. ಒಂದೊಂದು ತುಂಡು ಒಳಗೆ ಹೋದಾಗಲೂ ಮಹಾದೇವ ಉಗುಳು ನುಂಗಿದ. ಹೊತ್ತು ಮುಳುಗುವಾಗ, ನಾಲ್ಕು ನಾಗರ ಪಂಚಮಿಯಾದರೂ ತಂಗಿಯನ್ನು ತವರಿಗೆ ಕರೆಯಲು ಬಾರದ ಬೋರವ್ವನ ಅಣ್ಣ ಮಲ್ಲಿನಾಥ ಜೈನಾಪುರದಿಂದ ಹೊರಟು, ಬಬಲೇಶ್ವರದಲ್ಲಿ ಎರಡು ಬ್ರೆಡ್ಡು ಕಟ್ಟಿಸಿಕೊಂಡು ಓಡಿ ಬಂದ. ಈಗ ಮಾತ್ರ ಬೋರವ್ವ ಖರೇನೇ ಅತ್ತಳು. ಉಳಿದಿದ್ದ ಒಂದೇ ಒಂದು ತುಂಡನ್ನು ಅಣ್ಣನ ಬಾಯಿಗಿಟ್ಟಳು. ಮಹಾದೇವನ ಪಾಲಿಗೆ ಉಳಿದದ್ದು ಮೇಣದ ಕಾಗದ. ಅದನ್ನು ಮೂಸುತ್ತ ಹೊರಗೆ ಕೂತ.

ಮುಂದಿನ ಮಂಗಳವಾರ ಅವನು ಮತ್ತೆ ವಿಜಯಪುರಕ್ಕೆ ಹೋದ. ಈ ಸಲ ಬ್ರೆಡ್ಡನ್ನು ಅಂಗಿಯೊಳಗೆ ಇಟ್ಟುಕೊಂಡು, ಮೇಲೊಂದು ಟವೆಲ್ ಹೊದ್ದು, ಕಡೆಯ ಸೀಟಿನಲ್ಲಿ ಮುದುಡಿ ಕೂತ. ತಿಕೋಟಾದಲ್ಲಿ ಹುಲಿಗೆವ್ವ ಹತ್ತಿದಳು. ಮೂಗು ಅರಳಿಸುತ್ತ ಸೀದಾ ಅವನ ಹತ್ತಿರವೇ ಬಂದಳು.

“ಈಗ ಯಾರಿಗೋ ಯಪ್ಪಾ?”

“ನನಗಬೇ! ನನಗ, ನನಗಷ್ಟ ಆರಾಮಿಲ್ಲ!” ಎಂದು ಕೂಗಿದವನೇ ಮಹಾದೇವ ಕಾಗದ ಹರಿದ. ಬಸ್ಸಿನ ತುಂಬ ಬಿಸಿ ಬ್ರೆಡ್ಡಿನ ವಾಸನೆ ಹರಡಿತು. ಮಾತಾಡುತ್ತಿದ್ದವರೆಲ್ಲ ಹಿಂದೆ ತಿರುಗಿದರು.

ಹುಲಿಗೆವ್ವ ಹಣೆಯ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲಿ ಕೂತಳು. “ಒಂದು ತುಂಡು ಇತ್ತ ಕೊಡೋ. ಮುಂಜಾನಿಯಿಂದ ನನಗೂ ಯಾಕೋ ಮೈಯಾಗ ಸರಿ ಇಲ್ಲ.”

ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಹತ್ತಿರ ಬಂದು ನಿಂತು, ಒಮ್ಮೆ ಕೆಮ್ಮಿದ.