ಗುಡಿಸದ ಪಡಸಾಲೆ

ಹೊಸ ಕಸಬರಿಗೆಯ ಹುಲ್ಲಿನ ವಾಸನೆ ಬಂದರೆ ಈಗಲೂ ನನ್ನ ಎದೆ ಡವಗುಟ್ಟುತ್ತದೆ.

ಚಿಕ್ಕಪ್ಪ ಓದಲೆಂದು ಮುಂಬಯಿಯಿಂದ ಲಂಡನ್ನಿಗೆ ವಿಮಾನ ಹತ್ತಿದ್ದ. ಶಿಕಾರಿಪುರದ ನಮ್ಮ ಮನೆಯಲ್ಲಿ, ಶಾಲೆಯ ಮೇಷ್ಟರಾಗಿದ್ದ ಅಪ್ಪ ಭೂಪಟದ ಮೇಲೆ ದಾರ ಹಿಡಿದು ಆ ದೂರವನ್ನು ಅಳೆದಿದ್ದ.

"ಭಾವ, ಮುಟ್ಟಕ್ಕೆ ಎಷ್ಟೊತ್ತು ಬೇಕ್ರೀ?" ಸೊರಬದಿಂದ ಆ ವರ್ಷವಷ್ಟೇ ಮದುವೆಯಾಗಿ ಬಂದಿದ್ದ ಚಿಕ್ಕಮ್ಮ ಕೇಳಿದ್ದಳು.

"ಒಂದು ಹಗಲು, ಒಂದು ರಾತ್ರಿ. ಮುಟ್ಟಿದ ಕೂಡ್ಲೇ ತಂತಿ ಕೊಡ್ತಾನೆ."

"ಶಿರಾಳಕೊಪ್ಪದ ಬಸ್ಸೇ ಹೇಳಿದ ಹೊತ್ತಿಗೆ ಬರಲ್ಲ," ಅಂದಳು ಅಜ್ಜಿ. "ಹೊರಟೋನು ಮುಟ್ಟೋ ತನಕ ಯಾರೂ ಕಸ ಗುಡಿಸಬೇಡ್ರಿ. ಅವ್ನಿಗೆ ಕೇಡು."

ಅಪ್ಪ ನಕ್ಕಿದ್ದ.

ಅಪ್ಪ ಹೇಳಿದ ಹೊತ್ತು ಮೀರಿ ಮತ್ತೊಂದು ಮಧ್ಯಾಹ್ನವಾದರೂ ತಂತಿ ಬರಲಿಲ್ಲ. ಪಡಸಾಲೆಯ ತುಂಬ ಭತ್ತದ ಹೊಟ್ಟು, ಕೂದಲ ಉಂಡೆ, ಕಾಲಿಗಂಟುವ ಧೂಳು. ಊಟದ ಎಲೆ ತೆಗೆದ ಅಮ್ಮ ರೂಢಿಯಂತೆ ಹೊಸ ಕಸಬರಿಗೆ ಹಿಡಿದು ಅಷ್ಟನ್ನೂ ಗುಡಿಸಿ ಅಂಗಳಕ್ಕೆ ತಳ್ಳಿಬಿಟ್ಟಳು.

"ಅಯ್ಯೋ ಅಕ್ಕಾ!" ಚಿಕ್ಕಮ್ಮ ಓಡಿದಳು. ಕಸವನ್ನು ಸೆರಗಿನಲ್ಲಿ ತುಂಬಿಕೊಂಡು ಬಂದು ಪಡಸಾಲೆಯಲ್ಲಿ ಮತ್ತೆ ಹರಡತೊಡಗಿದಳು. ಅಮ್ಮನ ಕೈಯಿಂದ ಕಸಬರಿಗೆ ಜಾರಿತು.

ಭೂಪಟದ ಮುಂದೆ ಕೂತಿದ್ದ ಅಪ್ಪ ಎದ್ದ. ಈಗ ಬೈಯುತ್ತಾನೆ ಎಂದು ನಾನು ಗೋಡೆಗೆ ಒತ್ತಿಕೊಂಡೆ. ಅವನು ಅಂಗಳಕ್ಕಿಳಿದು, ಉಳಿದಿದ್ದ ಕಸವನ್ನು ಬೊಗಸೆಯಲ್ಲಿ ತುಂಬಿಕೊಂಡು ಒಳಗೆ ಬಂದ.