ಅರ್ಜೆಂಟಣ್ಣನ ನೆತ್ತಿ

ವ್ಯಾನಿನ ಹಿಂಬಾಗಿಲಿನಿಂದ ಒಳಗೆ ಹತ್ತಿದ ಕೂಡಲೇ ಅರ್ಜೆಂಟಣ್ಣ ಬಲಗೈಯನ್ನು ನೆತ್ತಿಯ ಮೇಲಿಟ್ಟುಕೊಂಡು ಸೊಂಟ ಬಗ್ಗಿಸಿದ. ಎಲ್ಲಿ ಯಾವ ಕಾರ್ಖಾನೆಯ ಯಂತ್ರ ನಿಂತರೂ ಬಿಡಿಭಾಗ ಹೇರಿಕೊಂಡು ಓಡಿ ಓಡಿ ಈ ಹೆಸರು ಬಂದಿತ್ತು. ತಗ್ಗು ಸೂರಿನ ಹಳೆಯ ಗಾಡಿಯಿಂದ ಬಂದದ್ದು ಬೆನ್ನುನೋವು. ಇನ್ನೂ ಬಗ್ಗಿ ಸರಕು ಎತ್ತಿದರೆ ಈ ಕೆಲಸವನ್ನೇ ಮರೆತುಬಿಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅದಕ್ಕೇ ಈಗ ಎತ್ತರದ ಸೂರಿನ ಗಾಡಿ ಹುಡುಕುತ್ತಿದ್ದ.

ಬಗ್ಗಿಕೊಂಡೇ ಒಳಗೆಲ್ಲ ಒಂದು ಸುತ್ತು ಹಾಕಿ, "ಇದೂ ಆಗಲ್ಲ ಕಣೇ. ಬೆಳಗ್ಗೆ ನೋಡಿದ ಮೂರು ಗಾಡಿ ಥರಾನೇ. ನಡಿ, ಮನೆಗೆ ಹೋಗೋಣ," ಎಂದು ಬಾಗಿಲ ಬಳಿಯಿದ್ದ ಹೆಂಡತಿಗೆ ಹೇಳಿದ.

ವ್ಯಾನು ಮಾರುವವನು ಕೆಳಗೆ ನಿಂತಲ್ಲೇ ತಬ್ಬಿಬ್ಬಾದ. "ಅಣ್ಣಾ, ಇದಕ್ಕಿಂತ ಎತ್ತರ ಬೇಕು ಅಂದ್ರೆ ನೀವು ಲಾರಿನೇ ತಗೋಬೇಕು!"

ಹೆಂಡತಿ ಒಳಗೆ ಹತ್ತಿ ಅವನ ನೆತ್ತಿಯ ಮೇಲಿದ್ದ ಕೈಯನ್ನು ಹಿಡಿದು ಕೆಳಗಿಳಿಸಿದಳು. "ರೀ, ತಲೆ ಎತ್ತಿ."

"ಬಡಿಯುತ್ತೆ ಕಣೇ."

"ಬಡಿದ್ರೆ ನಾನು ಎಣ್ಣೆ ಹಚ್ತೀನಿ. ಎತ್ತಿ ಅಂದ್ರೆ ಎತ್ತಿ."

ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮೆಲ್ಲಗೆ ನೆಟ್ಟಗಾದ. ಮೊದಲು ಸೊಂಟ, ಆಮೇಲೆ ಭುಜ, ಕೊನೆಗೆ ಕುತ್ತಿಗೆ. ಏನೂ ಬಡಿಯಲಿಲ್ಲ. ಕಣ್ಣು ಬಿಟ್ಟು ನೋಡಿದರೆ ನೆತ್ತಿಗೂ ಸೂರಿಗೂ ನಡುವೆ ಗೇಣು ಜಾಗ ಉಳಿದಿತ್ತು. ಇಷ್ಟು ವರ್ಷ ಎದೆಯಲ್ಲೇ ಮಡಚಿಟ್ಟಿದ್ದಂಥ ಒಂದು ಉಸಿರು ಹೊರಬಂತು.

"ಪೇಪರ್ ರೆಡಿ ಮಾಡಿಸ್ಲಾ ಅಣ್ಣಾ?" ಎಂದು ಕೆಳಗಿನಿಂದ ಕೂಗು ಬಂತು.

"ಮಾಡ್ಸಪ್ಪಾ, ನಿಧಾನಕ್ಕೆ ಮಾಡ್ಸು. ನಾನು ಸ್ವಲ್ಪ ಹೊತ್ತು ಇಲ್ಲೇ ನಿಂತಿರ್ತೀನಿ," ಎಂದ ಅವನು. "ಅರ್ಜೆಂಟೇನಿಲ್ಲ."